ಹೊಕ್ಕುಳಣ್ಣ

ನೌಕಾಪಡೆಯವರಿಗೆ ಯಾವುದಕ್ಕೂ ಉದ್ದನೆಯ ಹೆಸರಿಡುವ ಚಾಳಿ. ಅಂಗೈ ಅಗಲದ, ನಾಲ್ಕು ಕೊಳವೆ ಚಾಚಿಕೊಂಡ ಬಿಳಿ ಡಬ್ಬಿಯೊಂದಕ್ಕೆ ಅವರ ಕಾಗದಪತ್ರಗಳಲ್ಲಿ ‘ದ್ವಿದೇಹಿ ರಕ್ತಶೋಧನಾ ಸಾಧನ’ ಎಂದು ಹೆಸರಿತ್ತು. ಕರಾವಳಿಯ ಜನ ಅಷ್ಟೆಲ್ಲ ಬಾಯಿ ನೋಯಿಸಿಕೊಳ್ಳಲಿಲ್ಲ, ಹೊಕ್ಕುಳು ಎಂದರು. ಅದನ್ನು ಇಬ್ಬರ ನಡುವೆ ಜೋಡಿಸುವುದಕ್ಕೆ ಹೊಕ್ಕುಳು ಕಟ್ಟುವುದು ಎಂದರು. ‘ಸಾಂತ್ವನ’ ಎಂಬ ಆಸ್ಪತ್ರೆ ಹಡಗಿನ ವೈದ್ಯರು ಮೊದಮೊದಲು ಮುಖ ಸಿಂಡರಿಸಿದರು, ಆಮೇಲೆ ತಾವೂ ಹಾಗೆಯೇ ಹೇಳತೊಡಗಿದರು.

ಸಂಗತಿ ಅಷ್ಟೇನೂ ಕಷ್ಟದ್ದಲ್ಲ. ಮನೆ ಕುಸಿದೋ ದೋಣಿ ಮಗುಚಿಯೋ ಮನುಷ್ಯನ ಕಾಲು ಬಹಳ ಹೊತ್ತು ಭಾರದ ಅಡಿಯಲ್ಲಿ ಸಿಕ್ಕಿಕೊಂಡಿದ್ದರೆ, ಅಪಾಯ ಶುರುವಾಗುವುದು ಭಾರ ಎತ್ತಿದ ಮೇಲೆ. ನಜ್ಜುಗುಜ್ಜಾದ ಮಾಂಸಖಂಡಗಳ ವಿಷ ರಕ್ತಕ್ಕೆ ಇಳಿಯುತ್ತದೆ. ಮೂತ್ರಪಿಂಡಗಳು ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತ ಹೋಗಿ ಒಂದು ಗಳಿಗೆಯಲ್ಲಿ ಹೃದಯ ನಿಂತುಬಿಡುತ್ತದೆ. ಡಯಾಲಿಸಿಸ್ ಮಾಡಿದರೆ ಬದುಕುತ್ತಾರೆ, ನಿಜ. ಆದರೆ ಊರಿಗೆ ಊರೇ ಅಡಿಗೆ ಬಿದ್ದಾಗ ಅಷ್ಟು ಯಂತ್ರ, ಅಷ್ಟು ಶುದ್ಧ ನೀರು ಎಲ್ಲಿಂದ ತರುವುದು? ಆ ಪ್ರಶ್ನೆಗೆ ಹುಟ್ಟಿದ ಉತ್ತರ ಹೊಕ್ಕುಳು. ರೋಗಿಯ ಪಕ್ಕದಲ್ಲಿ ಆರೋಗ್ಯವಂತನೊಬ್ಬನನ್ನು ಮಲಗಿಸುತ್ತಾರೆ. ಇಬ್ಬರ ರಕ್ತವೂ ಆ ಡಬ್ಬಿಯೊಳಗೆ ಹಾದುಹೋಗುತ್ತದೆ. ನಡುವೆ ಈರುಳ್ಳಿ ಪೊರೆಗಿಂತ ತೆಳುವಾದ ಪರದೆ. ರಕ್ತ ಬೆರೆಯುವುದಿಲ್ಲ, ವಿಷ ಮಾತ್ರ ಆ ಕಡೆಯಿಂದ ಈ ಕಡೆಗೆ ಜಿನುಗುತ್ತದೆ. ಆರೋಗ್ಯವಂತನ ಮೂತ್ರಪಿಂಡಗಳು ಇಬ್ಬರ ಪಾಲಿನ ಕೆಲಸವನ್ನೂ ಮಾಡುತ್ತವೆ. ಅವನು ಅರ್ಧ ದಿನ ಹಾಗೆ ಮಲಗಿದರೆ ಒಂದು ಜೀವ ಉಳಿಯುತ್ತದೆ.

ಎಲ್ಲರಿಗೂ ಎಲ್ಲರೂ ಆಗುವುದಿಲ್ಲ ಎಂಬುದೊಂದು ತೊಡಕು. ಪರದೆ ಗೋಡೆಯಲ್ಲವಲ್ಲ, ಸಣ್ಣಪುಟ್ಟ ಪ್ರೋಟೀನುಗಳು ನುಸುಳುತ್ತವೆ. ಮೈಗೆ ಮೈ ಒಗ್ಗದಿದ್ದರೆ ಇಬ್ಬರಿಗೂ ಜ್ವರ ಬಂದು ಪ್ರಾಣಕ್ಕೇ ಸಂಚಕಾರ. ಅದಕ್ಕೇ ಮೊದಲು ಇಬ್ಬರ ಒಂದೊಂದು ಹನಿ ರಕ್ತವನ್ನು ಕಾಗದದ ಪಟ್ಟಿಯ ಮೇಲೆ ಹಾಕಿ ನೋಡುತ್ತಾರೆ. ಹಸಿರಾದರೆ ಆಯಿತು, ಕಂದು ಬಣ್ಣಕ್ಕೆ ತಿರುಗಿದರೆ ಇಲ್ಲ. ಒಮ್ಮೆ ಕಟ್ಟಿಸಿಕೊಂಡವರು ಒಂದು ವಾರ ಮತ್ತೆ ಕಟ್ಟಿಸಿಕೊಳ್ಳುವಂತಿಲ್ಲ.

ಮೊದಲ ವರ್ಷ ಯಾರೂ ಬರಲಿಲ್ಲ. ರೇಡಿಯೋದಲ್ಲಿ ಹೇಳಿದರು, ಗೋಡೆಗೋಡೆಗೆ ಚಿತ್ರ ಅಂಟಿಸಿದರು. ಕಂಡವರ ಮೈಯ ವಿಷ ನನ್ನ ಮೈಗೆ ಯಾಕೆ ಎಂದು ಜನ ದೂರ ಸರಿದರು. ಆಮೇಲೆ ಹೊನ್ನಾವರದ ಕಡೆ ಎಲ್ಲೋ ಕಟ್ಟು ಬಿಚ್ಚಿದ ಮೇಲೆ, ಕೊಟ್ಟವನು ತಾನು ಉಳಿಸಿದ ಹೆಂಗಸಿಗೆ ಒಂದು ಚಮಚ ಗಂಜಿ ಕುಡಿಸಿ ‘ತಂಗಿ’ ಎಂದನಂತೆ. ಅವಳು ‘ಅಣ್ಣ’ ಎಂದಳಂತೆ. ಅಷ್ಟೇ. ಸರ್ಕಾರದ ಪ್ರಚಾರ ಮಾಡಲಾಗದ ಕೆಲಸವನ್ನು ಆ ಒಂದು ಚಮಚ ಗಂಜಿ ಮಾಡಿತು. ಹೊಕ್ಕುಳಣ್ಣ, ಹೊಕ್ಕುಳಕ್ಕ, ಹೊಕ್ಕುಳಮಗ ಎಂದು ಕರಾವಳಿಯುದ್ದಕ್ಕೂ ಹೊಸ ನೆಂಟಸ್ತಿಕೆ ಹಬ್ಬಿತು. ಕೊಟ್ಟವರು ಗಂಜಿ ಕುಡಿಸಿ ನೆಂಟಸ್ತಿಕೆ ಹಿಡಿದು ಕರೆಯುವುದು, ಪಡೆದವರು ಹಾಗೆಯೇ ಮರಳಿ ಕರೆಯುವುದು ಕಟ್ಟಳೆಯಾಯಿತು. ಜಾತಿ ಕೇಳುವಂತಿಲ್ಲ, ಧರ್ಮ ಕೇಳುವಂತಿಲ್ಲ. ಮದುವೆಗೆ ಕರೆಯಬೇಕು, ಸಾವಿಗೆ ಹೋಗಬೇಕು, ಸೂತಕ ಹಿಡಿಯಬೇಕು. ‘ಸಾಂತ್ವನ’ದ ನಾವಿಕರಿಗೆ ಕಾರವಾರದಿಂದ ಮಂಗಳೂರಿನವರೆಗೆ ಒಬ್ಬೊಬ್ಬನಿಗೂ ಎರಡೆರಡು ತಾಯಂದಿರಾಗಿ, ಇರುವ ರಜೆ ಯಾರ ಮನೆಯ ಊಟಕ್ಕೂ ಸಾಲದೆ ಅವರು ಗೊಣಗಾಡುವಂತಾಯಿತು.

ಹಡಗಿನ ನರ್ಸಿಂಗ್ ಅಧಿಕಾರಿ ನೀಲಾಂಬಿಕಾ ಹಿಪ್ಪರಗಿಗೆ ಇದನ್ನೆಲ್ಲ ನೋಡಿ ನಗುವೂ ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು. ವಿಜಯಪುರದ ಎರೆಮಣ್ಣಿನ ಸೀಮೆಯಲ್ಲಿ ಹುಟ್ಟಿ, ಸಮುದ್ರವನ್ನು ಮೊದಲು ಕಂಡಾಗ ಇಷ್ಟು ನೀರು ಯಾರಿಗೆ ಬೇಕಾಗಿತ್ತು ಎಂದು ಸಿಟ್ಟಾಗಿದ್ದವಳು ಅವಳು. ಈಗ ಹಡಗೇ ಮನೆಯಾಗಿತ್ತು. ಮೊನ್ನೆ ತಾನೇ ಗೋರೆಬಲೆ ಎಳೆಯುವ ಮುದುಕನೊಬ್ಬನಿಗೆ ತಾನೂ ಹೊಕ್ಕುಳು ಕಟ್ಟಿಸಿಕೊಂಡು, ಅವನ ಬಾಯಲ್ಲಿ ‘ಮಗಾ’ ಎನ್ನಿಸಿಕೊಂಡಿದ್ದಳು. ಅವಳನ್ನು ಸುಲಭಕ್ಕೆ ಅಳಿಸಲಾಗುವುದಿಲ್ಲ ಎಂದು ಹಡಗಿನಲ್ಲಿ ಮಾತಿತ್ತು, ಆದರೆ ಆವತ್ತು ಅವಳು ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ಬಚ್ಚಲಲ್ಲಿದ್ದಳು.

ಈ ಸಲದ ಚಂಡಮಾರುತ ಗಂಗೊಳ್ಳಿಯ ಆಚೆಯ ಬಲೆಕೋಡಿಯನ್ನು ಹುಡುಕಿಕೊಂಡು ಬಂದ ಹಾಗೆ ಬಂದಿತ್ತು. ಬಂದರಿನಲ್ಲಿ ಕಟ್ಟಿದ್ದ ದೊಡ್ಡ ದೊಡ್ಡ ದೋಣಿಗಳನ್ನು ಎತ್ತಿ ಮನೆಗಳ ಮೇಲೆ ಒಗೆದಿತ್ತು. ಸಮುದ್ರದಲ್ಲಿ ಅನ್ನ ಕೊಡುವ ದೋಣಿಯ ಕೆಳಗೇ ಮನುಷ್ಯರು ಸಿಕ್ಕಿ ಸಾಯುವುದನ್ನು ಆ ಊರಿನ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ.

ರಮಿತಾ ಎಂಬ ಹುಡುಗಿಯನ್ನು ಅಂಥದೊಂದು ದೋಣಿಯ ಅಡಿಯಿಂದ ತೆಗೆದು ತಂದಿದ್ದರು. ಊರಿನ ಪ್ರಾಥಮಿಕ ಶಾಲೆಯ ಟೀಚರು. ಎರಡು ತೊಡೆಗಳೂ ಜಜ್ಜಿಹೋಗಿದ್ದವು. ಬಂದಾಗ ಎಚ್ಚರವಿತ್ತು, ಶಾಲೆಯ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿ ಯಾರು ಯಾರು ಸಿಕ್ಕಿದರು ಎಂದು ಕೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲಿತು, ಆಮೇಲೆ ನಿಂತಿತು.

ವಾರ್ಡಿನ ಮಾನಿಟರಿನ ಮೇಲೆ ಅವಳ ಹೃದಯದ ಗೆರೆ ಎತ್ತರವಾಗಿ, ಚೂಪಾಗಿ ಏಳುತ್ತಿತ್ತು, ಪೊಟ್ಯಾಸಿಯಂ ಏರಿದ ಗುರುತು. ಹಡಗಿನ ಮುಖ್ಯ ಶಸ್ತ್ರವೈದ್ಯ ಕಮಾಂಡರ್ ಕುಶಾಲಪ್ಪ ಅದನ್ನು ನೋಡಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೊಡಗಿನವರು, ಮಾತು ಕಡಿಮೆ.

“ಡಯಾಲಿಸಿಸ್ ಯಂತ್ರಗಳೆಲ್ಲ ತುಂಬಿವೆ ನೀಲಾ. ಅವರಲ್ಲಿ ಒಬ್ಬರನ್ನು ಇಳಿಸಿದರೆ ಅವರು ಹೋಗುತ್ತಾರೆ. ಈ ಗಾಳಿಯಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲ. ಔಷಧದಲ್ಲಿ ಸ್ವಲ್ಪ ಹೊತ್ತು ತಡೆಯಬಹುದು, ಅಷ್ಟೆ. ಕತ್ತಲಾಗುವುದರೊಳಗೆ ಇವಳಿಗೆ ಯಾರಾದರೂ ಸಿಗಬೇಕು.”

“ಹಡಗಿನ್ಯಾಗಿನ ಮಂದಿನೆಲ್ಲಾ ನೋಡೀನಿ ಸರ್. ಕೊಡದೇ ಉಳದಾವ್ರು ಕೈಬೆರಳೆಣಿಕಿ. ಒಬ್ಬರದೂ ಹಸರ ಆಗ್ಲಿಲ್ಲ,” ಎಂದಳು ನೀಲಾಂಬಿಕಾ. “ದಂಡಿಗೆ ಹೋಗಿ ಬರ್ತೀನಿ. ಬೋಟ್ ಕೊಡಸ್ರಿ.”

ರಮಿತಾಳ ರಕ್ತದ ಸಣ್ಣ ಸೀಸೆಯನ್ನು, ಪರೀಕ್ಷೆಯ ಪಟ್ಟಿಗಳನ್ನು ಎದೆಯ ಜೇಬಿಗೆ ಹಾಕಿಕೊಂಡು ಅವಳು ಇಳಿದಳು.

ನಿರಾಶ್ರಿತರ ಶಿಬಿರ ಗುಡ್ಡದ ಮೇಲಿನ ಹೈಸ್ಕೂಲಿನಲ್ಲಿತ್ತು. ಒಂದು ಮೂಲೆಯಲ್ಲಿ ಕುಚ್ಚಲಕ್ಕಿ ಗಂಜಿ ಕುದಿಯುತ್ತಿತ್ತು. ತರಗತಿಯ ಬೆಂಚುಗಳ ಮೇಲೆ ಒದ್ದೆ ಸೀರೆಗಳನ್ನು ಹರವಿದ್ದರು. ಮಡಕೆ, ದೇವರ ಪಟ, ಟಿವಿ, ಕೋಳಿ, ಯಾರು ಯಾವುದನ್ನು ಉಳಿಸಿಕೊಳ್ಳಲಾಯಿತೋ ಅದನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಹೀಗೆ ಎಲ್ಲ ಕಳೆದುಕೊಂಡವರ ಮುಂದೆ ಹೋಗಿ ನಿಮ್ಮ ಮೈಯನ್ನೂ ಸ್ವಲ್ಪ ಕೊಡಿ ಎಂದು ಕೇಳುವುದಕ್ಕೆ ನೀಲಾಂಬಿಕಾಗೆ ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ಆದರೆ ಬಿಳಿ ಸಮವಸ್ತ್ರ ಕಂಡಿದ್ದೇ ತಡ, ಕೇಳುವ ಮೊದಲೇ ಜನ ತೋಳು ಮಡಿಸಿಕೊಂಡು ಸಾಲು ನಿಂತರು.

“ನಮ್ ಟೀಚರಿಗಾ? ನನ್ನ ಕಾಣಿ ಮೊದ್ಲ್.”

“ನಂಗೆ ಹೆಣ್ಣ್ ಮಕ್ಕಳಿಲ್ಲೆ ಮಾರಾಯ್ರೆ. ನಂಗೇ ಹೊಂದ್ಲಿ ದೇವ್ರೆ.”

ಪಟ್ಟಿ ಕಂದು. ಮತ್ತೊಂದು ಕಂದು. ರಮಿತಾಳ ತಾಯಿಗೆ ಸಕ್ಕರೆ ಕಾಯಿಲೆ, ಅವಳನ್ನು ಮಲಗಿಸುವ ಹಾಗೇ ಇರಲಿಲ್ಲ. ತಂದೆ ತೀರಿಕೊಂಡು ವರ್ಷಗಳಾಗಿದ್ದವು, ಒಡಹುಟ್ಟಿದವರಿರಲಿಲ್ಲ. ಚಿಕ್ಕಮ್ಮನದೂ ಕಂದೇ ಆಯಿತು. ರಮಿತಾಳ ಅಜ್ಜಿ ಸೀತು, ವಯಸ್ಸಾದ್ದರಿಂದ ಪರೀಕ್ಷೆಗೆ ಸಲ್ಲದವಳು, ಬಾಗಿಲಿಗೆ ಒರಗಿ ಕೂತು ಪ್ರತಿ ಪಟ್ಟಿಯನ್ನೂ ದಿಟ್ಟಿಸುತ್ತಿದ್ದಳು. ಸಾಲು ಕರಗುತ್ತ ಬಂದಂತೆ ನೀಲಾಂಬಿಕಾ ಉಳಿದ ತಲೆಗಳನ್ನು ಎಣಿಸತೊಡಗಿದಳು.

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಬ್ಬ ಹುಡುಗ ಬಂದ. ಕೆಸರು ಒಣಗಿ ಮೈಯೆಲ್ಲ ಬೆಳ್ಳಗಾಗಿತ್ತು, ಕೈಬೆರಳುಗಳು ಗಾಯ. ಮೂರು ದಿನದಿಂದ ದೋಣಿಗಳ ಅಡಿಯಲ್ಲಿ ಅಗೆಯುತ್ತಿದ್ದವರಲ್ಲಿ ಒಬ್ಬ ಎಂದು ನೋಡಿದರೇ ತಿಳಿಯುತ್ತಿತ್ತು. ಯಾರಾದರೂ ತಡೆಯುವ ಮೊದಲೇ ಮುಂದೆ ಬಂದು ಬೆರಳು ಚಾಚಿದ. ಹನಿ ಬಿತ್ತು. ಪಟ್ಟಿ ನಿಧಾನಕ್ಕೆ, ಎಳೆ ಭತ್ತದ ಹಾಗೆ ಹಸಿರಾಯಿತು.

ನೀಲಾಂಬಿಕಾ ‘ಅಬ್ಬಾ’ ಎಂದು ಉಸಿರು ಬಿಟ್ಟಳು. ಸುತ್ತಲಿನವರು ಯಾರೂ ಬಿಡಲಿಲ್ಲ. ಸೀತು ಅಜ್ಜಿ ಎದ್ದು ಬಂದು ಅವಳ ಮುಂಗೈ ಹಿಡಿದುಕೊಂಡಳು.

“ಅಮ್ಮಾ, ಇವ ಬೇಡ. ಇವ್ನ್ ಒಬ್ನ್ನ ಬಿಟ್ಟ್ ಬೇರೆ ಯಾರನ್ನಾರೂ ಕಾಣಿ.”

“ಯಾಕ್ರಿ ಅಜ್ಜಿ? ಇಷ್ಟು ಮಂದ್ಯಾಗ ಇವ್ರದೊಂದ ಹಸರ ಆಗೇತಿ.”

“ಇವ ಸುಕೇಶ. ಬಪ್ಪು ತಿಂಗ್ಳ್ ಇವ್ನಿಗೂ ನಮ್ ಹುಡ್ಗಿಗೂ ಮದಿ. ಕಾಗ್ದ ಹಂಚಿ ಆಯ್ತ್. ಹೊಕ್ಕುಳು ಕಟ್ರೆ ಅಣ್ಣ-ತಂಗಿ ಆತ್ರ್. ಮತ್ತೆ ಮದಿ ಹ್ಯಾಂಗೆ ಮಾಡುದ್?”

ನೀಲಾಂಬಿಕಾಗೆ ಒಂದು ಕ್ಷಣ ಮಾತು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಮೈಯೆಲ್ಲ ಉರಿಯಿತು. ಅಲ್ಲಿ ಹುಡುಗಿ ಸಾಯುತ್ತಿದ್ದಾಳೆ, ಇಲ್ಲಿ ಇವರು ಮದುವೆ ನಿಂತೀತೆಂದು ನೆಂಟಸ್ತಿಕೆಯ ಲೆಕ್ಕ ಹಾಕುತ್ತಿದ್ದಾರೆ!

“ಅಜ್ಜಿ, ರಕ್ತ ಕೂಡಂಗಿಲ್ರಿ. ನಡುವ ಪರದೆ ಇರ್ತೈತಿ. ಅವನ ಒಂದು ಹನಿ ರಕ್ತ ಸುದ್ದಾ ಆಕಿ ಮೈಯಾಗ ಹೋಗಂಗಿಲ್ಲ. ಎಲ್ಲಿ ಅಣ್ಣ, ಎಲ್ಲಿ ತಂಗಿ?”

“ತಾಯಿ ಹೊಟ್ಟಿಯಗೂ ಹಂಗೇ ಪರದೆ ಇರತ್ತಂಬ್ರ್. ಇಬ್ರ ರಕ್ತ ಬೆರೆತಿಲ್ಲೆ ಅಂದ್ ಹೆರಿಗೆ ಆಸ್ಪತ್ರಿಯಗೆ ನೀವ್ ನರ್ಸ್‌ಗಳೇ ಹೇಳ್ತ್ರಿ. ಹಂಗಂದ್ ಮಗು ತಾಯಿದಲ್ದಾ?” ಅಜ್ಜಿ ವಾದ ಮಾಡುವ ದನಿಯಲ್ಲಿ ಹೇಳಲಿಲ್ಲ. ನಿಜವಾಗಿ ಉತ್ತರ ಬೇಕಾದವಳಂತೆ ಕೇಳಿದಳು. ನೀಲಾಂಬಿಕಾ ಸಾಲಿನ ಮುಂದಿನವರನ್ನು ಕರೆದಳು.

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಎಲ್ಲ ಕಂದು. ಕೊನೆಯ ಪಟ್ಟಿಯನ್ನೂ ನೋಡಿ ಸೀತು ಅಜ್ಜಿ ಅಲ್ಲೇ ನೆಲಕ್ಕೆ ಕುಸಿದು ಕೂತಳು.

“ಕರ್ಕಂಡ್ ಹೋಯ್ನಿ,” ಎಂದಳು. “ಹುಡ್ಗಿ ಉಳೀಲಿ.”

ಸುಕೇಶ ಮನೆಯವರಿಗೆ ಹೇಳಿ ಬರುತ್ತೇನೆಂದು ಒಳಗೆ ಹೋದ. ನೀಲಾಂಬಿಕಾ ದೋಣಿ ನಿಲ್ಲುವ ದಕ್ಕೆಗೆ ಓಡಿ ಹಡಗಿಗೆ ಸುದ್ದಿ ಮುಟ್ಟಿಸಿ, ಬೋಟಿನವನನ್ನು ಅವಸರಪಡಿಸಿದಳು. ಹುಡುಗ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದು ಹತ್ತಿದ.

ಅಲೆ ಇನ್ನೂ ಇಳಿದಿರಲಿಲ್ಲ. ಬೋಟು ಎದ್ದು ಬಿದ್ದು ಸಾಗುತ್ತಿತ್ತು. ಸುಕೇಶ ಅಂಚಿನಲ್ಲಿ ಕೂತು ಕೈಯ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದ. ನೀಲಾಂಬಿಕಾ ಅವನ ಪಕ್ಕಕ್ಕೆ ಸರಿದಳು. ಹೇಳಬೇಕಾದುದನ್ನು ಅವಳು ದಕ್ಕೆಯಲ್ಲಿ ನಿಂತಾಗಲೇ ಯೋಚಿಸಿಕೊಂಡಿದ್ದಳು.

“ನೋಡು ತಮ್ಮ, ಕಟ್ಟುವಾಗ ಮಂಚದ ಸುತ್ತ ಬಟ್ಟಿ ಪರದೆ ಎಳೀತೀವಿ. ಒಳಗ ಡಾಕ್ಟ್ರು, ನಾನು, ಇನ್ನೊಬ್ಬ ಹುಡುಗ, ಇಷ್ಟ ಮಂದಿ. ನಿನ್ನ ಪಟ್ಟಿ ಹಡಗಿನ್ಯಾಗ ಮತ್ತೊಮ್ಮೆ ನೋಡಿದ್ವಿ, ಹೊಂದಲಿಲ್ಲ, ನಮ್ಮ ನಾವಿಕನೊಬ್ಬ ಕಟ್ಟಿಸಿಕೊಂಡ ಅಂತ ನಾ ಹೇಳ್ತೀನಿ. ನಮ್ಮವರು ಯಾರೂ ಬಾಯಿ ಬಿಡಂಗಿಲ್ಲ. ಮದವಿ ನಡೀಲಿ.”

ಸುಕೇಶ ಕೈಯ ಕೆಸರು ಕೆರೆಯುತ್ತಲೇ ಇದ್ದ. ಬೋಟಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಅವಳಿಗೆ ಅನುಮಾನವಾಯಿತು.

“ಸುಮಾರ್ ವರ್ಷದ ಹಿಂದೆ ಒಂದ್ ಗಾಳಿಯಗೆ ನಮ್ಮ ಅಮ್ಮ ಗೋಡೆ ಅಡಿಗೆ ಬಿದ್ದಿದ್ರ್ ಮೇಡಂ,” ಎಂದ ಆಮೇಲೆ. “ಭಟ್ಕಳದ ಮುನೀರ್ ಸಾಯ್ಬ್ರ್ ಅಂದ್, ಬಟ್ಟೆ ಅಂಗಡಿಯವ್ರ್, ಅವ್ರ್ ಬಂದ್ ಹೊಕ್ಕುಳು ಕಟ್ಟ್ಕಂಡ್ರ್. ಅದಕ್ಕ್ ಮೊದ್ಲ್ ಅವ್ರಿಗೂ ನಮಗೂ ಎಂತದೂ ಇಲ್ಲ, ಮುಖ ಕಂಡವ್ರಲ್ಲ. ಮತ್ತೆ ಪ್ರತಿ ಚೌತಿಗೆ ಅಮ್ಮನಿಗೆ ಸೀರೆ ತಕಂಡ್ ಬತ್ತಿದ್ರ್. ‘ತಂಗಿ ಮನೆ’ ಅಂದ್ ಹೇಳಿಯೇ ಒಳಗ್ ಬಪ್ಪುದ್. ಹೋದ್ ವರ್ಷ ಅಮ್ಮ ತೀರ್ಕಂಡಾಗ ನನ್ನೊಟ್ಟಿಗೆ ಹೆಗಲ್ ಕೊಟ್ರ್. ನಂಗೆ ಸೋದರಮಾವ ಅಂದ್ರೆ ಅವ್ರೊಬ್ರೆ. ಮದಿಗೂ ಅವ್ರೇ ಮಾವನ ಜಾಗದಗೆ ನಿಲ್ಲುದ್ ಅಂದ್ ಹೇಳಿ ಆಗಿತ್ತ್.”

ಅವನು ಮುಖ ತಿರುಗಿಸಿ ಅವಳನ್ನು ನೋಡಿದ. ಕಣ್ಣುಗಳು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಿತ್ತು.

“ನಂಗೆ ಬೇಕಾದಾಗ ಹೊಕ್ಕುಳು ಅಂದ್ರೆ ಎಂತದೂ ಅಲ್ಲ ಅಂದ್ರೆ, ಅವ್ರ್ ನಂಗೆ ಯಾರ್ ಆದ್ರ್ ಮೇಡಂ? ಗುಟ್ಟ್ ಮಾಡಿ ಮದಿ ಆಪುಕೆ ಆತ್ತ್. ಅವ್ರ್ ಎದುರ್ ನಿಂತ್ ಅವ್ರ್ ಕಾಲ್ ಹಿಡಿಯುಕೆ ಆತಿಲ್ಲೆ.”

ನೀಲಾಂಬಿಕಾ ಮತ್ತೆ ಏನೋ ಹೇಳಲು ಬಾಯಿ ತೆರೆದಳು. ವಾರ್ಡಿನಲ್ಲಿ ಈಗಲೂ ಜೋಡಿ ಜೋಡಿಯಾಗಿ ಮಲಗಿರುವವರು ಕಣ್ಣ ಮುಂದೆ ಬಂದರು. ತನ್ನನ್ನು ‘ಮಗಾ’ ಎಂದ ಮುದುಕ ಬಂದ. ಆ ಜೋಡಿಗಳಲ್ಲಿ ಒಬ್ಬರೂ ಬಂದು ಮಲಗಿದ್ದು ಪರದೆಯ ವಿಜ್ಞಾನ ತಿಳಿದಲ್ಲ. ಯಾವ ನಂಬಿಕೆಯನ್ನು ಅವಳು ಈಗ ಈ ಹುಡುಗನ ಕೈಯಲ್ಲಿ ಮುರಿಸಲು ಹೊರಟಿದ್ದಳೋ, ಅದರ ಮೇಲೆಯೇ ಇಡೀ ಹಡಗು ತೇಲುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಯಾರ ಮೇಲಿನ ಸಿಟ್ಟು ಎಂದೂ ತಿಳಿಯಲಿಲ್ಲ.

ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಸುಕೇಶನನ್ನು ತೊಳೆದು, ಹಸಿರು ಅಂಗಿ ತೊಡಿಸಿ, ತೋಳಿಗೆ ಸೂಜಿ ಚುಚ್ಚಿದರು. ನಡುವಿನ ಚಿಕ್ಕ ಮೇಜಿನ ಮೇಲೆ ಡಬ್ಬಿ. ಕೊಳವೆಗಳಲ್ಲಿ ಎರಡು ಕಡೆಯಿಂದಲೂ ಕೆಂಪು ಏರಿತು. ರಮಿತಾಳ ರಕ್ತ ಕಪ್ಪಗೆ ಹೋಗಿ ಸ್ವಲ್ಪ ತಿಳಿಯಾಗಿ ವಾಪಸು ಬರತೊಡಗಿದಾಗ ಕುಶಾಲಪ್ಪನವರು ಮೊದಲ ಸಲ ಕುರ್ಚಿಯಲ್ಲಿ ಕೂತರು.

ಸುಕೇಶ ತಲೆ ತಿರುಗಿಸಿ ರಮಿತಾಳನ್ನು ನೋಡುತ್ತಿದ್ದ. ಅವಳ ಕೈ ಮಂಚದ ಅಂಚಿನಲ್ಲಿತ್ತು, ಅವನ ಬೆರಳಿಗೆ ಎಟಕುವಷ್ಟು ಹತ್ತಿರ. ಅವನು ಮುಟ್ಟಲಿಲ್ಲ. ನೀಲಾಂಬಿಕಾ ಅದನ್ನು ಕಂಡೂ ಕಾಣದವಳ ಹಾಗೆ ನೀರಿನ ಬಾಟಲಿಯನ್ನು ಅವನ ಬಾಯಿಗೆ ಹಿಡಿದಳು.

“ಕುಡೀತಾ ಇರು. ನೀ ಎಷ್ಟು ನೀರು ಕುಡೀತಿ, ಆಕಿ ಮೈಯಾಗಿನ ವಿಷ ಅಷ್ಟು ಹೊರಗ ಹೋಗ್ತೈತಿ.”

ಕಿಟಕಿಯ ಹೊರಗೆ ಬೆಳಕು ಬಾಡುತ್ತ ಬಂತು. ರಮಿತಾಳ ಗೆರೆಯ ಚೂಪು ತುಸು ಮೊಂಡಾಯಿತು. ಸರಿಯಾಯಿತು ಎನ್ನುವಷ್ಟರಲ್ಲಿ ಪಕ್ಕದ ಮಾನಿಟರು ಕೂಗಿಕೊಂಡಿತು. ಎದ್ದು ನೋಡಿದರೆ ಅದು ಸುಕೇಶನದು. ಅವನ ಹೃದಯದ ಗೆರೆ ಚೂಪಾಗಿ ಎದ್ದು ನಿಂತಿತ್ತು, ಬಡಿತದ ನಡುವೆ ತಡೆ ಬೀಳುತ್ತಿತ್ತು.

“ಇಷ್ಟು ಬೇಗ ಹೀಗಾಗಬಾರದು,” ಎಂದು ಕುಶಾಲಪ್ಪ ಧಾವಿಸಿದರು. “ಕ್ಯಾಲ್ಸಿಯಂ ಕೊಡು. ಗ್ಲೂಕೋಸ್, ಇನ್ಸುಲಿನ್ ತಯಾರು ಮಾಡು.”

ನೀಲಾಂಬಿಕಾ ಸೂಜಿಮದ್ದು ಏರಿಸುತ್ತಲೇ ಅವನ ಕೆನ್ನೆ ತಟ್ಟಿದಳು. “ತಮ್ಮಾ, ಬರೂಕಿಂತ ಮೊದಲ ಏನರ ತಿಂದಿಯೇನು? ಕುಡದಿಯೇನು?”

“ಬೊಂಡ...” ಎಂದ ಸುಕೇಶ ತೊದಲುತ್ತ. “ಸೀತು ಅಜ್ಜಿ ಕೆತ್ತಿ ಕೊಟ್ರ್. ಬರಿ ಹೊಟ್ಟಿಯಗೆ ಹೋಪುದ್ ಬೇಡ ಅಂದ್. ಮೂರ್ ಕುಡ್ದೆ.”

ಎಳನೀರು! ಸುಸ್ತಾದವರಿಗೆ, ಜ್ವರ ಬಂದವರಿಗೆ, ಬಿಸಿಲಿನಿಂದ ಬಂದವರಿಗೆ ಈ ಕರಾವಳಿಯಲ್ಲಿ ಮೊದಲು ಕೊಡುವುದೇ ಅದು. ಅದರ ತುಂಬ ಪೊಟ್ಯಾಸಿಯಂ. ಹೊಕ್ಕುಳು ಕಟ್ಟಿಸಿಕೊಳ್ಳುವವರು ಬೊಂಡ ಮುಟ್ಟಬಾರದೆಂದು ಶಿಬಿರದಲ್ಲಿ ಮೊದಲು ಹೇಳುವುದು ಅವಳ ಕೆಲಸವೇ ಆಗಿತ್ತು. ಆವತ್ತು ಅಜ್ಜಿಯ ಮಾತಿನ ಗಲಾಟೆಯಲ್ಲಿ ಅದು ಮರೆತಿತ್ತು. ಬೇರೆ ದಿನವಾದರೆ ಗಟ್ಟಿ ಹುಡುಗನ ಮೈ ಅದನ್ನೆಲ್ಲ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮೂರು ದಿನ ಉಪವಾಸ ಅಗೆದು ಬತ್ತಿಹೋದ ಮೈಗೆ, ಇನ್ನೊಬ್ಬರ ವಿಷ ಹೊರುವ ಹೊತ್ತಿಗೆ, ಅದು ಮಿತಿ ಮೀರಿಸಿತ್ತು.

“ಕಟ್ಟು ಬಿಚ್ಚು,” ಎಂದರು ಕುಶಾಲಪ್ಪ. “ಇಬ್ಬರನ್ನೂ ಕಳೆದುಕೊಳ್ಳುವುದಕ್ಕೆ ನಾನು ತಯಾರಿಲ್ಲ.”

“ಬಿಚ್ಚುದ್ ಬೇಡ,” ಎಂದಿತು ಮಂಚದ ಮೇಲಿನ ದನಿ. ಅವನ ತುಟಿ ಬಿಳಚಿತ್ತು. “ಇಷ್ಟ್ ಕಳ್ಕಂಡ್ ಬಂದಿದೆ ಡಾಕ್ಟ್ರೆ. ಅರ್ಧಕ್ಕೆ ಬಿಚ್ಚಿ ಅವ್ಳೂ ಸತ್ರೆ, ನಾ ಕಳ್ಕಂಡದ್ದ್ ಎಂತಕ್ಕೆ?”

ಕುಶಾಲಪ್ಪ ನೀಲಾಂಬಿಕಾಳ ಮುಖ ನೋಡಿದರು. ಅವಳು ಡಬ್ಬಿಯ ಪಕ್ಕದ ತಿರುಪನ್ನು ಹಿಡಿದಿದ್ದಳು.

“ಅರ್ಧಕ್ಕಿಂತ ಕಮ್ಮಿ ಹರಿವು ಇಡ್ತೀನಿ ಸರ್. ಹೊತ್ತು ಹಿಡೀತೈತಿ, ಹಿಡೀಲಿ. ಕ್ಯಾಲ್ಸಿಯಂ ಹತ್ತೂತನಕ ನೋಡೋಣ. ಗೆರಿ ಕೆಟ್ಟರ ನಾನ ಬಿಚ್ತೀನಿ.”

ಅವರು ತಲೆಯಾಡಿಸಿದರು. ತಿರುಪು ಮೆಲ್ಲಗೆ ತಿರುಗಿತು. ಡಬ್ಬಿಯ ಸದ್ದು ಇಳಿಯಿತು. ಇಬ್ಬರೂ ಮಾನಿಟರನ್ನೇ ನೋಡುತ್ತಿದ್ದಂತೆ ಸುಕೇಶನ ಗೆರೆ ತಡವರಿಸಿ, ತಡವರಿಸಿ, ಕೊನೆಗೆ ತನ್ನ ಹಾದಿ ಹಿಡಿಯಿತು. ಎಲ್ಲ ಮುಗಿದು ಕಟ್ಟು ಬಿಚ್ಚುವ ಹೊತ್ತಿಗೆ ರಮಿತಾಳ ರಕ್ತ ತಿಳಿಯಾಗಿತ್ತು. ಸುಕೇಶ ಗಾಢ ನಿದ್ರೆಯಲ್ಲಿದ್ದ. ಬೊಂಡದ ಸಂಗತಿ ಈ ಕೋಣೆಯ ಆಚೆ ಹೋಗಕೂಡದೆಂದು ನೀಲಾಂಬಿಕಾ ಕೇಳಿಕೊಂಡಳು. ಆ ಮುದುಕಿಯ ತಲೆಯ ಮೇಲೆ ಅದೊಂದು ಭಾರ ಬೇಡವಾಗಿತ್ತು. ತನ್ನ ತಲೆಯ ಮೇಲಿರುವುದೇ ಸಾಕು.

ಬೆಳಿಗ್ಗೆ ಗಾಳಿ ನಿಂತಿತು. ಸೀತು ಅಜ್ಜಿಯನ್ನು ಮೊದಲ ಬೋಟಿನಲ್ಲಿ ಕರೆತಂದರು. ಅವಳು ಶಿಬಿರದ ಒಲೆಯಲ್ಲೇ ಮಾಡಿದ ಗಂಜಿಯನ್ನು ಮುಚ್ಚಳದ ಪಾತ್ರೆಯಲ್ಲಿ ಹಾಕಿ ಬಟ್ಟೆ ಸುತ್ತಿ ತಂದಿದ್ದಳು. ಸುಕೇಶನ ತಲೆ ಸವರಿ, ಪಾತ್ರೆಯನ್ನು ಅವನ ಕೈಗೆ ಕೊಟ್ಟು, ವಾರ್ಡಿನ ಬಾಗಿಲ ಹೊರಗೆ ಕೂತಳು. ಸುಕೇಶ ಗೋಡೆಗೆ ಒರಗಿ ನಿಂತ. ಇಬ್ಬರೂ ಒಳಗೆ ಹೋಗಲಿಲ್ಲ.

ಒಳಗೆ ರಮಿತಾ ಕಣ್ಣು ಬಿಟ್ಟಿದ್ದಳು. ಕಾಲುಗಳ ಸುದ್ದಿಯನ್ನು ನೀಲಾಂಬಿಕಾ ಇದ್ದ ಹಾಗೆ ಹೇಳಿದಳು. ಎಡಗಾಲು ಉಳಿಯುತ್ತದೆ, ಬಲಗಾಲಿನ ಬಗ್ಗೆ ಇನ್ನೂ ಹೇಳುವಂತಿಲ್ಲ. ಹುಡುಗಿ ಗಮನವಿಟ್ಟು ಕೇಳಿದಳು. ಆಮೇಲೆ ತನ್ನ ತೋಳಿನ ಬ್ಯಾಂಡೇಜನ್ನು ನೋಡಿಕೊಂಡಳು. ಅದೇನೆಂದು ಆ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

“ಯಾರ್ ಕಟ್ಟ್ಕಂಡ್ರ್ ಅಕ್ಕ?”

ನೀಲಾಂಬಿಕಾ ರಾತ್ರಿಯಿಡೀ ಈ ಪ್ರಶ್ನೆಗೆ ಹೆದರಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂತು. ಬೋಟಿನಲ್ಲಿ ಕಂಡ ಆ ಕೆಂಪು ಕಣ್ಣುಗಳ ನೆನಪಾಗಿ ಅಲ್ಲೇ ನಿಂತಿತು.

“ಸುಕೇಶ,” ಎಂದಳು.

ರಮಿತಾ ಮೇಲಿನ ಕಬ್ಬಿಣದ ಚಾವಣಿಯನ್ನು ನೋಡುತ್ತ ಮಲಗಿದಳು. ಅಳುತ್ತಾಳೆ ಎಂದುಕೊಂಡರೆ ಅಳಲಿಲ್ಲ.

“ಬೇರೆ ಯಾರದೂ ಹೊಂದ್ಲಿಲ್ಯಾ?”

“ಇಲ್ಲವ್ವಾ. ಊರಿಗೆ ಊರ ಬಂದಿತ್ತು. ಯಾರದೂ ಹೊಂದ್ಲಿಲ್ಲ.”

“ಅವ್ರಿಗೆ ಗೊತ್ತಿದ್ದಿತ್ತಾ? ಕಟ್ರೆ ಎಂತ ಆತ್ತ್ ಅಂದ್?”

“ಗೊತ್ತಿತ್ತು. ಗುಟ್ಟಾಗಿ ಇಡೋಣ ಅಂತ ನಾನ ಹೇಳಿದ್ದೆ. ಅಂವ ಒಲ್ಲೆ ಅಂದ.” ನೀಲಾಂಬಿಕಾ ತಡೆಯಲಾರದೆ ಅವಳ ಮಂಚದ ಮೇಲೆ ಕೂತು ಕೈ ಹಿಡಿದುಕೊಂಡಳು. “ಕೇಳಿಲ್ಲಿ. ಅಂವ ಗಂಜಿ ಹಿಡಕೊಂಡು ಹೊರಗ ನಿಂತಾನ. ನಿನಗ ಬ್ಯಾಡಾದ್ರ ಬ್ಯಾಡ. ನಾ ಕುಡಸ್ತೀನಿ. ನೀ ಏನೂ ಅನಬೇಕಾಗಿಲ್ಲ. ನೀ ಅನ್ನಲಿಲ್ಲ ಅಂದ್ರ ಯಾರ ಏನು ಮಾಡ್ತಾರ?”

ಅದು ಕಟ್ಟಳೆಯಲ್ಲಿ ಇಲ್ಲದ ಮಾತು. ಗಂಜಿ ಹಿಡಿದು ಬಂದವರಿಗೆ ಉತ್ತರ ಕೊಡದೆ ಇದ್ದವರು ಈವರೆಗೆ ಯಾರೂ ಇರಲಿಲ್ಲ. ಹಾಗೆ ಮಾಡಿದರೆ ಏನಾಗುತ್ತದೆಂದು ಸೀತು ಅಜ್ಜಿಗೂ ಗೊತ್ತಿರಲಾರದು. ನೀಲಾಂಬಿಕಾ ಆ ಒಂದು ಸಂದಿಯನ್ನು ಹಿಡಿದುಕೊಂಡು ಕೂತಿದ್ದಳು. ಈ ಹುಡುಗಿ ಬಾಯಿ ಮುಚ್ಚಿಕೊಂಡರೆ ಸಾಕು, ಎಲ್ಲ ಉಳಿದೀತು ಎಂದು ಅವಳಿಗೆ ಆಸೆಯಾಗಿತ್ತು.

ಪಕ್ಕದ ಮಂಚದಲ್ಲಿ ಯಾರೋ ನರಳಿದರು. ನೀಲಾಂಬಿಕಾ ಎದ್ದು ಅವರ ದಿಂಬು ಸರಿಮಾಡಿ ಮತ್ತೆ ಬಂದು ಕೂತಳು.

“ಹೋದ್ ವಾರ ಧಾರೆ ಸೀರೆ ತಂದದ್ದ್,” ಎಂದಳು ರಮಿತಾ. “ಇಬ್ರೂ ಹೋಯಿ ತಂದದ್ದ್. ಬಣ್ಣ ಸಾಕಾ ಅಂದ್ ಹತ್ ಸಲ ಕೇಂಡಿದ್ರ್.” ಅವಳ ಕಣ್ಣಿನ ಮೂಲೆಯಿಂದ ನೀರು ಹರಿದು ಕಿವಿಯ ಕಡೆಗೆ ಹೋಯಿತು. ಅದನ್ನು ಒರೆಸಿಕೊಳ್ಳಲು ಅವಳು ಕೈ ಎತ್ತಲಿಲ್ಲ. “ಅವ್ರನ್ನ ಕರೀನಿ ಅಕ್ಕ.”

ಸುಕೇಶ ಬಂದ. ಹಿಂದೆ ಸೀತು ಅಜ್ಜಿ. ಬಟ್ಟಲಿಗೆ ಗಂಜಿ ಬಗ್ಗಿಸಿಕೊಂಡು ಮಂಚದ ಹತ್ತಿರ ನಿಂತ. ಚಮಚ ಗಂಜಿಯಲ್ಲಿತ್ತು, ಮೇಲಕ್ಕೇಳಲಿಲ್ಲ. ಹೇಳಬೇಕಾದ ಮಾತು ಒಂದೇ ಒಂದು. ಅವನ ಬಾಯಿ ತೆರೆಯಿತು, ಮುಚ್ಚಿತು. ಅಷ್ಟು ದೊಡ್ಡ ತೀರ್ಮಾನವನ್ನು ಬೋಟಿನಲ್ಲಿ ಕೂತು ಮಾಡಿದವನಿಗೆ, ಸಾವಿನ ಅಂಚಿನಲ್ಲೂ ಕಟ್ಟು ಬಿಚ್ಚಬೇಡಿ ಎಂದವನಿಗೆ, ಈ ಎರಡು ಅಕ್ಷರ ಬರಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನೀಲಾಂಬಿಕಾ, ಹೇಳಬೇಡ, ಹೇಳಬೇಡ, ಸುಮ್ಮನೆ ಹೊರಗೆ ಹೋಗು ಎಂದು ಮನಸ್ಸಿನೊಳಗೇ ಬೇಡಿಕೊಳ್ಳುತ್ತಿದ್ದಳು.

ರಮಿತಾ ಅವನ ಮುಖವನ್ನು ಪೂರ್ತಿಯಾಗಿ, ತೃಪ್ತಿಯಾಗುವಷ್ಟು ನೋಡಿದಳು. ಅವನನ್ನು ಹಾಗೆ ನೋಡುವುದು ಇದೇ ಕೊನೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಅವಳ ಮುಖದಲ್ಲಿ ಏನೋ ಮೆಲ್ಲಗೆ ಬದಲಾಯಿತು. ತರಗತಿಯಲ್ಲಿ ಉತ್ತರ ಬಾರದೆ ನಿಂತ ಮಗುವಿಗೆ ಟೀಚರು ತಾನೇ ಮೊದಲ ಮಾತು ಹೇಳಿಕೊಡುವಾಗ ಬರುವಂಥ ಮುಖ.

“ಹಸಿವಾತ್ತ್ ಅಣ್ಣ,” ಎಂದಳು. “ಕೊಡು.”

ಸುಕೇಶ ಮಂಚದ ಪಕ್ಕದಲ್ಲಿ ಮೊಣಕಾಲೂರಿ ಕೂತ. ಮೊದಲ ಚಮಚದಲ್ಲಿ ಅರ್ಧ ಚೆಲ್ಲಿತು. ‘ತಂಗಿ’ ಎಂದು ಅವನು ಅಂದದ್ದು ಯಾರಿಗೂ ಕೇಳಿಸಲಿಲ್ಲ, ತುಟಿಯ ಮೇಲೆ ಮಾತ್ರ ಕಂಡಿತು. ನೀಲಾಂಬಿಕಾ ಈ ಸಲ ಬಚ್ಚಲಿಗೆ ಹೋಗಲಿಲ್ಲ. ವಾರ್ಡಿನ ನಡುವೆ, ಎಲ್ಲರ ಎದುರಿಗೆ ನಿಂತೇ ಅತ್ತಳು. ರಮಿತಾ ಬಟ್ಟಲು ಖಾಲಿಯಾಗುವವರೆಗೂ ಕುಡಿದಳು.